ಹೆಬ್ಬೆಟ್ಟು ಒತ್ತಿದ ಮೇಲೆ

ಲಸಿಕೆ ನೆಪದಲ್ಲಿ ಮೈಯೊಳಗೆ ಚಿಪ್ ಹಾಕಿದ್ದಾರೆ, 5ಜಿ ಟವರ್‌ನಿಂದ ನೋಡುತ್ತಿದ್ದಾರೆ, ಎಲ್ಲ ಬಿಲ್ ಗೇಟ್ಸ್ ಮತ್ತು ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯವರ ಆಟ. ಕೊರೊನಾ ಹೋದರೂ ಈ ಮಾತು ಹೋಗಿಲ್ಲ. ಆದರೆ ನಮ್ಮಲ್ಲಿ ಲಸಿಕೆ ಶುರುವಾಗಿದ್ದು 2021ರ ಜನವರಿ 16ರಂದು. 5ಜಿ ಸೇವೆ ಬಂದಿದ್ದು 2022ರ ಅಕ್ಟೋಬರ್‌ನಲ್ಲಿ. ಸಾಕುನಾಯಿಗೆ ಹಾಕುವ ಚಿಪ್ಪನ್ನೇ ಓದಬೇಕೆಂದರೆ ಯಂತ್ರವನ್ನು ಅದರ ಮೈಗೆ ತಾಗಿಸುವಷ್ಟು ಹತ್ತಿರ ಹಿಡಿಯಬೇಕು. ಬ್ಯಾಟರಿಯಿಲ್ಲದ ಚೂರೊಂದು ಟವರ್‌ವರೆಗೆ ಮಾತಾಡುವುದಿಲ್ಲ. ಒಂದು ಕಡ್ಡಿ ಸಿಗ್ನಲ್ಲಿಗಾಗಿ ತೋಟದ ದಿಬ್ಬ ಹತ್ತುವ ಕಾಫಿ ಸೀಮೆಯ ಬಣಕಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಅನುಮಾನ ಪಡುವವರನ್ನು ನಗೆಯಾಡಿ ಕಳಿಸುವುದೂ ತಪ್ಪು. ದೂರದಲ್ಲಿ ಕೂತವರು ನಮ್ಮ ಬದುಕನ್ನು ತೀರ್ಮಾನಿಸುತ್ತಾರೆ ಎನ್ನುವುದು ಕಾಫಿ ಬೆಳೆಯುವವರ ದಿನನಿತ್ಯದ ಅನುಭವ: ರೊಬಸ್ಟಾ ದರಕ್ಕೆ ಲಂಡನ್, ಅರೇಬಿಕಾ ದರಕ್ಕೆ ನ್ಯೂಯಾರ್ಕ್ ನೋಡಬೇಕು. ಇನ್ನು ಕಣ್ಗಾವಲಿನ ವಿಷಯಕ್ಕೆ ಬಂದರೆ, 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲೇ ಕ್ವಾರಂಟೈನ್‌ನಲ್ಲಿದ್ದವರ ಕೈಗೆ ಮುದ್ರೆ ಒತ್ತಿದರು, ಮನೆ ವಿಳಾಸಗಳ ಪಟ್ಟಿ ಪ್ರಕಟಿಸಿದರು. ‘ಕ್ವಾರಂಟೈನ್ ವಾಚ್’ ಆ್ಯಪ್‌ನಲ್ಲಿ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಫೋಟೊ ಜೊತೆಗೆ ನಿಂತ ಜಾಗದ ಜಿಪಿಎಸ್ ಗುರುತೂ ಹೋಗುತ್ತಿತ್ತು. ಇದರಲ್ಲಿ ಗುಟ್ಟೇನೂ ಇರಲಿಲ್ಲ, ಎಲ್ಲ ಘೋಷಿಸಿಯೇ ಮಾಡಿದ್ದು. ಕೇಂದ್ರದ ಕೊರೊನಾ ಆ್ಯಪ್ ಆರೋಗ್ಯ ಸೇತುವಿನ ಮಾಹಿತಿಯನ್ನು ಬಳಕೆದಾರರ ಒಪ್ಪಿಗೆಯಿಲ್ಲದೆ ಬೇರೆ ಇಲಾಖೆಗಳಿಗೆ ಹಂಚಬಾರದು ಎಂದು ಕರ್ನಾಟಕ ಹೈಕೋರ್ಟ್ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಡಬೇಕಾಯಿತು. ಲಸಿಕೆಯನ್ನು ಯಾರಿಗೂ ಬಲವಂತವಾಗಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು.

ಆ ಆ್ಯಪ್‌ಗಳ ಕಾಲ ಮುಗಿಯಿತು. ಹೆಬ್ಬೆಟ್ಟು ಮುಗಿದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ‘ತಂಬ್’ ಕೊಟ್ಟಾಗ ಯಂತ್ರ ಬೆರಳಿನ ಗೆರೆಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂದು ಓದುತ್ತದೆ. ಆ ಗುರುತು ಗೂಢಲಿಪಿಯಲ್ಲಿ ಆಧಾರ್ ಪ್ರಾಧಿಕಾರದ ಸರ್ವರ್‌ಗೆ ಹೋಗಿ, ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಕಾಫಿ ಕುಯ್ದು, ಕಪಾತು ಮಾಡಿ ಗೆರೆ ಸವೆದ ಕೈಗೆ ಅನೇಕ ಸಲ ‘ಅಲ್ಲ’ ಬರುತ್ತದೆ. ಮಳೆಗಾಲದಲ್ಲಿ ನೆನೆದು ಸುಕ್ಕಾದ ಬೆರಳಿಗೂ ಹಾಗೇ. ಬೆರಳು ಒರೆಸಿ, ಬೇರೆ ಬೆರಳು ಕೊಟ್ಟು ನೋಡಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಇನ್ನೊಬ್ಬರೂ ಕೊಡಬಹುದು. ಬೆರಳು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರದ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಂಗಡಿಯವರು ಒಪ್ಪದಿದ್ದರೆ ತಾಲ್ಲೂಕು ಕಚೇರಿಯ ಆಹಾರ ನಿರೀಕ್ಷಕರನ್ನು ಕೇಳಿ.

ಉಳಿಯುವ ದಾಖಲೆ ಯಾವುದು? ಯಾವ ಸಂಸ್ಥೆ, ಯಾವತ್ತು, ಎಷ್ಟು ಹೊತ್ತಿಗೆ ಗುರುತು ಕೇಳಿತು ಎಂಬುದು ಪ್ರಾಧಿಕಾರದಲ್ಲಿರುತ್ತದೆ. ಯಾತಕ್ಕೆ ಕೇಳಿತು ಎಂಬುದನ್ನು ಅದು ಇಟ್ಟುಕೊಳ್ಳುವಂತಿಲ್ಲ, ಕಾನೂನೇ ಹಾಗಿದೆ. ಎಷ್ಟು ಅಕ್ಕಿ, ಯಾವ ಅಂಗಡಿ ಎಂಬ ಲೆಕ್ಕ ಆಹಾರ ಇಲಾಖೆಯದು. ಸಿಮ್ಮಿನದು ಕಂಪನಿಯಲ್ಲಿ, ಖಾತೆಯದು ಬ್ಯಾಂಕಿನಲ್ಲಿ. ನನ್ನ ಪ್ರಕಾರ ಹೆದರಬೇಕಾದ ಜಾಗ ಇದು: ಬೇರೆಬೇರೆ ಕಡೆ ಬಿದ್ದಿರುವ ಈ ಚೂರುಗಳನ್ನೆಲ್ಲ ಒಂದೇ ಸಂಖ್ಯೆ ಹಿಡಿದು ಜೋಡಿಸಬಹುದು. ಆಧಾರನ್ನೇ ಪ್ರಶ್ನಿಸಿ, ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ನಿಮ್ಮ ಗುರುತನ್ನು ಯಾರ್ಯಾರು ಕೇಳಿದ್ದಾರೆಂದು ಮೈಆಧಾರ್ ಜಾಲತಾಣದಲ್ಲಿ ಹಿಂದಿನ 6 ತಿಂಗಳದ್ದು ನೋಡಬಹುದು. ಗೊತ್ತಿಲ್ಲದ ಹೆಸರು ಕಂಡರೆ 1947ಕ್ಕೆ ಕರೆ ಮಾಡಿ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಅಲ್ಲೇ ಇದೆ. ಆದರೆ ಪಡಿತರ ತರುವವರು ಅಂಗಡಿಗೆ ಹೋಗುವ ಮುನ್ನ, ಸಿಗ್ನಲ್ ಇರುವ ಕಡೆ ನಿಂತು, ಬೀಗ ತೆಗೆದಿರಬೇಕು. ಹೋಂಸ್ಟೇಯವರೋ ತೋಟದ ರೈಟರೋ ವಾಟ್ಸಾಪ್‌ನಲ್ಲಿ ಆಧಾರ್ ಕಳಿಸಿ ಎಂದರೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಅದನ್ನೇ ಕಳಿಸಿ.