ಮೂರು ತಿಂಗಳ ಹಿಂದಿನ ಕಾರಣ

ಹೆರಿಗೆಯಾಗಿ ಮೂರ್ನಾಲ್ಕು ತಿಂಗಳು. ಬಾಣಂತನ ಮುಗಿದಿದೆ, ಮಗು ಬೋರಲು ಬೀಳುವುದನ್ನು ಕಲಿಯುತ್ತಿದೆ, ತಾಯಿಯೂ ಚೇತರಿಸಿಕೊಂಡಿದ್ದಾಳೆ. ಸರಿಯಾಗಿ ಆ ಹೊತ್ತಿಗೆ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು, ತಲೆಗೆ ನೀರು ಹಾಕಿಕೊಂಡರೆ ಬಚ್ಚಲಿನಲ್ಲಿ ಕೂದಲಿನ ಉಂಡೆ. ಟೈಫಾಯಿಡ್, ಡೆಂಗಿಯಿಂದ ಎದ್ದವರ ಪಾಡೂ ಇದೇ. ಜ್ವರ ಸುಡುತ್ತಿದ್ದಾಗ ಗಟ್ಟಿಯಾಗಿದ್ದ ಕೂದಲು, ಮೈ ಹುಷಾರಾದ ಮೇಲೆ ಕೈಗೆ ಬರತೊಡಗುತ್ತದೆ. ಆಗ ಕಣ್ಣಿಗೆ ಕಂಡದ್ದರ ಮೇಲೆಲ್ಲ ಅನುಮಾನ: ಬೋರ್‌ವೆಲ್ ನೀರು, ಹೊಸ ಶ್ಯಾಂಪೂ, ಬದಲಾಯಿಸಿದ ಎಣ್ಣೆ. ಇಷ್ಟು ತಡವಾಗಿ ಯಾಕೆ ಉದುರುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಹಲವು ಕೈಗಳು, ಮೂವತ್ತೈದು ವರ್ಷಗಳು ಬೇಕಾದವು.

ಹುಡುಕಾಟ ಶುರುವಾದದ್ದು ಇಲಿಯ ಮೈಮೇಲೆ. ಇಲಿಯ ತುಪ್ಪಳ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿದ ಫ್ರಾನ್ಸಿಸ್ ಡ್ರೈ 1926ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಕೂದಲು ಸದಾ ಬೆಳೆಯುತ್ತಲೇ ಇರುವುದಿಲ್ಲ. ಅದಕ್ಕೆ ಮೂರು ಹಂತಗಳಿವೆ ಎಂದು ಅವರು ತೋರಿಸಿದರು. ಬೆಳೆಯುವ ಹಂತಕ್ಕೆ ಅನಾಜೆನ್, ಬೆಳವಣಿಗೆ ನಿಲ್ಲುವ ಹಂತಕ್ಕೆ ಕೆಟಾಜೆನ್, ವಿಶ್ರಾಂತಿಯ ಹಂತಕ್ಕೆ ಟೆಲೋಜೆನ್ ಎಂದು ಹೆಸರಿಟ್ಟರು. ಮುಂದೆ ನ್ಯೂಜಿಲೆಂಡಿನಲ್ಲಿ ಕುರಿಯ ಉಣ್ಣೆಯ ಮೇಲೆ ಕೆಲಸ ಮಾಡಿದ ಈ ಡ್ರೈ ಅವರ ಹೆಸರನ್ನು ಅಲ್ಲಿನ ಡ್ರೈಸ್‌ಡೇಲ್ ಎಂಬ ಕುರಿ ತಳಿ ಇಂದಿಗೂ ಹೊತ್ತಿದೆ. ಅವರಿಟ್ಟ ಆ ಮೂರು ಹೆಸರುಗಳನ್ನು ಜಗತ್ತಿನ ಎಲ್ಲ ಚರ್ಮವೈದ್ಯರೂ ಬಳಸುತ್ತಾರೆ.

ಇಲಿಯ ಮೈಮೇಲಿನ ಕೂದಲು ಒಟ್ಟೊಟ್ಟಿಗೆ ಬೆಳೆದು ಒಟ್ಟೊಟ್ಟಿಗೆ ನಿಲ್ಲುತ್ತದೆ. ಮನುಷ್ಯರ ತಲೆಯ ರೀತಿ ಬೇರೆ. ತೆಂಗಿನ ಮರ ಒಂದೊಂದೇ ಗರಿ ಉದುರಿಸುತ್ತ ಸದಾ ಹಸಿರಾಗಿ ನಿಲ್ಲುವಂತೆ, ನಮ್ಮ ಒಂದೊಂದು ಕೂದಲಿಗೂ ಅದರದೇ ಸರದಿ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಬುಡದಲ್ಲೇ ಸುಮ್ಮನೆ ನಿಂತು ಉದುರುತ್ತದೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು, ಅದರಲ್ಲಿ ಶೇ. 10ರಷ್ಟು ವಿಶ್ರಾಂತಿಯಲ್ಲಿದೆ ಎಂದುಕೊಳ್ಳಿ. 10,000 ಕೂದಲು 100 ದಿನಗಳಲ್ಲಿ ಉದುರಬೇಕು, ಅಂದರೆ ದಿನಕ್ಕೆ ನೂರು. ಆರೋಗ್ಯವಂತ ತಲೆಯಿಂದಲೂ ದಿನಕ್ಕೆ ನೂರರವರೆಗೆ ಕೂದಲು ಉದುರಬಹುದು ಎಂಬ ಮಾತಿನ ಹಿಂದಿರುವುದು ಈ ಸರಳ ಲೆಕ್ಕ.

ಆದರೆ ಯಾವ ಕೂದಲು ಬೆಳೆಯುತ್ತಿದೆ, ಯಾವುದು ವಿಶ್ರಾಂತಿಯಲ್ಲಿದೆ ಎಂದು ಗುರುತಿಸುವುದು ಹೇಗೆ? ಅಮೆರಿಕದಲ್ಲಿ ಯುಜೀನ್ ವ್ಯಾನ್ ಸ್ಕಾಟ್ ಮತ್ತು ಸಂಗಡಿಗರು ಕ್ಯಾನ್ಸರ್ ಔಷಧಿಯಿಂದ ಕೂದಲಿನ ಬೇರಿಗೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಅವರು ಕೂದಲನ್ನು ಬುಡಸಮೇತ ಕಿತ್ತು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. 1957ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ಬೇರಿನ ಆಕಾರ ನೋಡಿ ಹಂತವನ್ನು ಎಣಿಸುವ ದಾರಿ ಸಿಕ್ಕಿತು. ಬೆಳೆಯುವ ಕೂದಲಿನ ಬುಡ ದಪ್ಪ, ಬಣ್ಣವುಳ್ಳದ್ದು, ಮೇಲೆ ಪೊರೆ ಸುತ್ತಿಕೊಂಡಿರುತ್ತದೆ. ವಿಶ್ರಾಂತಿಯ ಕೂದಲಿನ ತುದಿಯಲ್ಲಿ ಬಣ್ಣವಿಲ್ಲದ ಪುಟ್ಟ ಬಿಳಿ ಗಂಟು. ಇದನ್ನು ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಹಾಸಿ ನೋಡಿದರೆ ಒಂದು ತುದಿಯಲ್ಲಿ ಆ ಬಿಳಿ ಚುಕ್ಕೆ ಕಾಣುತ್ತದೆ. ಎಷ್ಟೋ ಹೆಂಗಸರು ಅದನ್ನು ನೋಡಿ ಬೇರೇ ಕಿತ್ತು ಬಂತೆಂದು ಹೆದರುತ್ತಾರೆ. ಹೆದರಬೇಕಿಲ್ಲ. ಕೂದಲು ಹುಟ್ಟುವ ಕುಳಿ ಚರ್ಮದೊಳಗೆ ಹಾಗೇ ಉಳಿದಿರುತ್ತದೆ, ಅಲ್ಲಿಂದ ಹೊಸ ಕೂದಲು ಬರುತ್ತದೆ.

ಎಣಿಸುವ ದಾರಿ ಸಿಕ್ಕಮೇಲೆ ಗರ್ಭಿಣಿಯರ ತಲೆಗೂದಲನ್ನು ಎಣಿಸಿದವರು ಯವೊನ್ ಲಿನ್‌ಫೀಲ್ಡ್. 1960ರ ಅವರ ಅಧ್ಯಯನದ ಪ್ರಕಾರ ಬಸುರಿನ ಕೊನೆಯ ತಿಂಗಳುಗಳಲ್ಲಿ ಸುಮಾರು ಶೇ. 95ರಷ್ಟು ಕೂದಲು ಬೆಳೆಯುವ ಹಂತದಲ್ಲೇ ಇರುತ್ತಿತ್ತು. ಹೆರಿಗೆಯಾಗಿ ಆರು ವಾರ ಕಳೆಯುವಷ್ಟರಲ್ಲಿ ಅದು ಸುಮಾರು ಮುಕ್ಕಾಲು ಪಾಲಿಗೆ ಇಳಿಯುತ್ತಿತ್ತು. ಬಸುರಿನಲ್ಲಿ ಜಡೆ ದಪ್ಪಗಾದದ್ದಕ್ಕೂ ಬಾಣಂತನದ ಮೇಲೆ ತೆಳುವಾದದ್ದಕ್ಕೂ ಇದರಲ್ಲಿ ಒಂದೇ ವಿವರಣೆ ಇತ್ತು. ಬಸುರಿನ ಹಾರ್ಮೋನುಗಳು ಉದುರಬೇಕಾದ ಕೂದಲನ್ನೂ ತಡೆದು ನಿಲ್ಲಿಸಿದ್ದವು. ಹೆರಿಗೆಯೊಡನೆ ಅವು ಇಳಿದಾಗ ಬಾಕಿ ಉಳಿದದ್ದೆಲ್ಲ ಒಟ್ಟಿಗೆ ವಿಶ್ರಾಂತಿಗೆ ಹೊರಟಿತು.

ಎಳೆಗಳನ್ನು ಒಂದಾಗಿ ಹೆಣೆದವರು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್. ಹೆರಿಗೆ, ಸುಡುಜ್ವರ, ದೀರ್ಘ ಕಾಯಿಲೆ ಎಲ್ಲವೂ ಮಾಡುವ ಕೆಲಸ ಒಂದೇ ಎಂದು 1961ರಲ್ಲಿ ಅವರು ಬರೆದರು. ಮೈಗೆ ದೊಡ್ಡ ಪೆಟ್ಟು ಬಿದ್ದಾಗ, ಇನ್ನೂ ವರ್ಷಗಟ್ಟಲೆ ಬೆಳೆಯಬೇಕಿದ್ದ ಕೂದಲು ಅವಧಿಗೆ ಮುಂಚೆಯೇ ಬೆಳವಣಿಗೆ ನಿಲ್ಲಿಸುತ್ತದೆ. ಆದರೆ ಉದುರಲು ವಿಶ್ರಾಂತಿಯ ಕಾಲ ಮುಗಿಯಬೇಕು. ಪೆಟ್ಟಿಗೂ ಉದುರುವಿಕೆಗೂ ನಡುವಿನ ಎರಡು ಮೂರು ತಿಂಗಳ ಅಂತರದ ಗುಟ್ಟು ಇದೇ. ಈ ಸ್ಥಿತಿಗೆ ಅವರು ಟೆಲೋಜೆನ್ ಎಫ್ಲೂವಿಯಮ್ ಎಂದು ಹೆಸರಿಟ್ಟರು. ಕೋವಿಡ್ ಬಂದುಹೋದ ಮೇಲೆ ಅನೇಕರ ಕೂದಲು ಉದುರಿದಾಗ ವೈದ್ಯರು ಧೈರ್ಯ ಹೇಳಲು ಸಾಧ್ಯವಾದದ್ದು ಈ ತಿಳಿವಳಿಕೆಯಿಂದಲೇ.

ಕ್ಲಿಗ್‌ಮನ್ ಹೆಸರು ಹೇಳುವಾಗ ಇನ್ನೊಂದು ಮಾತನ್ನೂ ಹೇಳಲೇಬೇಕು. ಅದೇ ಊರಿನ ಹೋಮ್ಸ್‌ಬರ್ಗ್ ಜೈಲಿನಲ್ಲಿ, ಹೆಚ್ಚಾಗಿ ಕಪ್ಪುವರ್ಣೀಯರಾಗಿದ್ದ ಕೈದಿಗಳ ಮೇಲೆ ಅವರು ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಅದಕ್ಕಾಗಿ ಫಿಲಡೆಲ್ಫಿಯಾ ನಗರಾಡಳಿತ 2022ರಲ್ಲಿ ಕ್ಷಮೆ ಕೇಳಿತು. ಜ್ಞಾನ ಉಪಯೋಗಕ್ಕೆ ಬಂತೆಂಬ ಕಾರಣಕ್ಕೆ ಆ ಅನ್ಯಾಯವನ್ನು ಮರೆಯುವಂತಿಲ್ಲ.

ಹೆಂಗಸರ ಕೂದಲುದುರುವಿಕೆಯೆಲ್ಲ ಈ ಒಂದೇ ಬಗೆಯದಲ್ಲ. 1977ರಲ್ಲಿ ಜರ್ಮನಿಯ ವೈದ್ಯ ಎರಿಕ್ ಲುಡ್ವಿಗ್ ಇನ್ನೊಂದು ಬಗೆಯನ್ನು ಮೂರು ಹಂತಗಳಲ್ಲಿ ಗುರುತಿಸಿದರು. ಅಲ್ಲಿ ಹಿಡಿಗಟ್ಟಲೆ ಉದುರದಿದ್ದರೂ ಹಣೆಯ ಅಂಚಿನ ಕೂದಲು ಉಳಿದು, ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಹೋಗುತ್ತದೆ. ಇದು ತಾನಾಗಿ ಸರಿಹೋಗುವುದಿಲ್ಲ, ಬೇಗ ಚಿಕಿತ್ಸೆ ಶುರುಮಾಡಿದಷ್ಟೂ ಒಳ್ಳೆಯದು. ಸದಾ ಬಿಗಿಯಾಗಿ ಎಳೆದು ಹೆಣೆಯುವ ಜಡೆಯಿಂದ ಹಣೆಯಂಚಿನ ಕೂದಲು ಹೋಗುವುದು ಮತ್ತೊಂದು ಬಗೆ. ಥೈರಾಯ್ಡ್ ತೊಂದರೆ, ಊಟ ಬಿಟ್ಟು ತೂಕ ಇಳಿಸುವುದು, ಕಬ್ಬಿಣಾಂಶದ ಕೊರತೆ ಇವೂ ಸಾಮಾನ್ಯ ಕಾರಣಗಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಣ್ಣೆ ಬದಲಾಯಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕಾದದ್ದು ಅದಕ್ಕೇ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಿ. ಕೆಲವು ಥೈರಾಯ್ಡ್ ಪರೀಕ್ಷೆಗಳ ಫಲಿತಾಂಶವನ್ನು ಅದು ಏರುಪೇರು ಮಾಡುತ್ತದೆ.

ಜ್ವರ, ಹೆರಿಗೆಯ ನಂತರದ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ. ಹೊಸ ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಜಡೆ ಮೊದಲಿನಂತಾಗಲು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ, ತಲೆಯಲ್ಲಿ ಬೋಳು ಕಂಡರೆ, ಮುಟ್ಟಿನ ಏರುಪೇರು ಜೊತೆಗಿದ್ದರೆ ಚರ್ಮವೈದ್ಯರನ್ನು ಕಾಣಬೇಕು.

ಪೆಟ್ಟಿಗೂ ಉದುರುವಿಕೆಗೂ ನಡುವಿನ ಅಂತರವನ್ನು ತೋರಿಸಿದ ಈ ಹುಡುಕಾಟದಿಂದ ನಮ್ಮ ಮನೆಗಳಿಗೆ ಸಿಕ್ಕಿದ್ದು ಒಂದು ಒಳ್ಳೆಯ ಪ್ರಶ್ನೆ. ಕೂದಲು ಉದುರುತ್ತಿದೆ ಎಂದು ಹೆಂಡತಿಯೋ ಸೊಸೆಯೋ ಮಗಳೋ ಹೇಳಿದಾಗ ಈಗ ಏನು ಹಚ್ಚುತ್ತಿದ್ದೀಯ ಎಂದಷ್ಟೇ ಕೇಳಿದರೆ ಸಾಲದು. ಮೂರು ತಿಂಗಳ ಹಿಂದೆ ನಿನ್ನ ಮೈಗೆ ಏನಾಗಿತ್ತು ಎಂದು ಕೇಳಬೇಕು. ಆಗ ಮಾತ್ರೆ ನುಂಗಿಕೊಂಡೇ ಅಡುಗೆ ಮಾಡಿದ ಜ್ವರ, ಯಾರಿಗೂ ಹೇಳದ ರಕ್ತಸ್ರಾವ, ಎಲ್ಲರಿಗೂ ಬಡಿಸಿ ಅರೆಹೊಟ್ಟೆ ಉಂಡ ದಿನಗಳು ಮಾತಿಗೆ ಬರುತ್ತವೆ. ಚಿಕಿತ್ಸೆ ಅಲ್ಲಿಂದ ಶುರುವಾಗಬೇಕು.