ರಜೆಯಲ್ಲಿ ಬೇರೆ ಕೆಲಸ: ಯಾವ ರಜೆ ಎಂಬುದೇ ಮುಖ್ಯ

ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ, ಕೊಯಮತ್ತೂರಿನ ನೂಲಿನ ಗಿರಣಿಗಳಲ್ಲಿ ದುಡಿಯುವ ನಮ್ಮವರ ಕೈ ಬರಿದಾಗಿರುತ್ತದೆ. ರಜೆ ಹಾಕಿ ಬೇರೆಡೆ ಪೀಸ್ ರೇಟಿಗೆ ಹೊಲಿಯೋಣವೆಂಬ ಯೋಚನೆ ಸಹಜವೇ. ಆದರೆ ರಜೆಗಳೆಲ್ಲ ಒಂದೇ ಬಗೆಯವಲ್ಲ.

ಗಳಿಕೆ ರಜೆ ನಾವು ದುಡಿದು ಸಂಪಾದಿಸಿದ್ದು. 20 ದಿನಗಳ ದುಡಿಮೆಗೆ 1 ದಿನ. 1948ರ ಕಾರ್ಖಾನೆ ಕಾಯ್ದೆಯ 60ನೆಯ ಕಲಂ ತಡೆದದ್ದು ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಯುವುದನ್ನು. ಆದರೂ ನೇಮಕಾತಿ ಪತ್ರವನ್ನೊಮ್ಮೆ ಓದಬೇಕು. ಅದರಲ್ಲಿ ಅನ್ಯ ಉದ್ಯೋಗಕ್ಕೆ ನಿಷೇಧವಿದ್ದರೆ ಲಿಖಿತ ಅನುಮತಿ ಪಡೆಯುವುದು ಕ್ಷೇಮ.

ಕಾಯಿಲೆ ರಜೆ, ಹೆರಿಗೆ ರಜೆಗಳ ಮಾತೇ ಬೇರೆ. ಇ.ಎಸ್.ಐ. ಕಾಯಿಲೆ ಭತ್ಯೆ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ. ಕೆಲಸ ಮಾಡಿದ ದಿನಕ್ಕೆ ಅದು ಸಲ್ಲದು. ಮೊದಲ ಎರಡು ಹೆರಿಗೆಗಳಿಗೆ ದೊರೆಯುವ 26 ವಾರಗಳಲ್ಲಿ ಕೂಲಿಗೆ ದುಡಿದರೆ ಆ ಅವಧಿಯ ಹಣ ಕೈತಪ್ಪುತ್ತದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ನಿಯಮವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ.

ಮುಚ್ಚಿಡುವುದೂ ಸುಲಭವಲ್ಲ. ವಿಮಾ ಸಂಖ್ಯೆ ಒಬ್ಬರಿಗೆ ಒಂದೇ. ಹೊಸ ಕಾರ್ಖಾನೆ ಕಟ್ಟಿದ ವಂತಿಗೆ ಅದರಲ್ಲೇ ದಾಖಲಾಗುತ್ತದೆ. ವಂತಿಗೆ ಕಟ್ಟದ ಕಡೆ ಸೂಜಿ ಬೆರಳಿಗೆ ನಾಟಿದರೆ, ಅಲ್ಲಿ ದುಡಿಯುತ್ತಿದ್ದೆವೆಂಬುದಕ್ಕೆ ಪುರಾವೆಯನ್ನು ನಾವೇ ಹುಡುಕಬೇಕು.