ಸೈನ್ಯಾಧಿಕಾರಿಗಳ ಅಧೀನದ ನಾಗರಿಕ ನೌಕರರು ಮತ್ತು ದರ್ಜೆಯುಬ್ಬರ

ಸರ್ಕಾರಿ ನೌಕರನ ಒಂದು ವರ್ಷದ ಕೆಲಸವನ್ನು ಅವನ ಮೇಲಧಿಕಾರಿಯು ಅಳೆದು, ಅದಕ್ಕೆ ‘ಅತ್ಯುತ್ತಮ’, ‘ಉತ್ತಮ’, ‘ತೃಪ್ತಿಕರ’ ಮುಂತಾಗಿ ಒಂದು ದರ್ಜೆಯನ್ನು ಬರೆದಿಡುವ ಪದ್ಧತಿ ಬಹುತೇಕ ಎಲ್ಲ ದೇಶಗಳಲ್ಲಿಯೂ ಇದೆ. ಈ ದರ್ಜೆಗಳು ವರ್ಷದಿಂದ ವರ್ಷಕ್ಕೆ ಮೇಲೇರುತ್ತ ಹೋಗಿ, ಕೊನೆಗೆ ಹೆಚ್ಚಿನವರೆಲ್ಲರೂ ಮೇಲಿನ ದರ್ಜೆಯವರೇ ಆಗಿಬಿಡುವ ಸ್ಥಿತಿಯನ್ನು ಹಣದುಬ್ಬರದ ಮಾದರಿಯಲ್ಲಿ ದರ್ಜೆಯುಬ್ಬರವೆಂದು ಕರೆಯಬಹುದು. ವರದಿ ಬರೆಯುವವನು ಸಮವಸ್ತ್ರದ ಸೈನ್ಯಾಧಿಕಾರಿಯೂ ಬರೆಸಿಕೊಳ್ಳುವವನು ನಾಗರಿಕ ನೌಕರನೂ ಆಗಿರುವಲ್ಲಿ ಈ ಉಬ್ಬರಕ್ಕೆ ವಿಶೇಷವಾದ ಕಾರಣಗಳು ಒದಗುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಕ್ಷಣಾ ಇಲಾಖೆಯನ್ನು ಉದಾಹರಣೆಯಾಗಿಟ್ಟುಕೊಂಡು ಆ ಕಾರಣಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಆ ಇಲಾಖೆಯಲ್ಲಿ 2024ರಲ್ಲಿ ಏಳು ಲಕ್ಷಕ್ಕೂ ಮಿಕ್ಕ ನಾಗರಿಕ ನೌಕರರಿದ್ದರು. ಗುಮಾಸ್ತರು, ಎಂಜಿನಿಯರುಗಳು, ದಾದಿಯರು, ವಿಮಾನ ದುರಸ್ತಿಗಾರರು ಮೊದಲಾದ ಇವರಲ್ಲಿ ಅನೇಕರ ನೇರ ಮೇಲಧಿಕಾರಿಗಳು ಮೇಜರ್ ಅಥವಾ ಕರ್ನಲ್ ಪದವಿಯವರು. ಅಮೆರಿಕದ ಕಾಂಗ್ರೆಸ್ಸಿಗೆ ಸೇರಿದ ಲೆಕ್ಕಪರಿಶೋಧನ ಕಚೇರಿಯು 2016ರಲ್ಲಿ ಪ್ರಕಟಿಸಿದ ವರದಿಯಂತೆ, 2013ರಲ್ಲಿ ಕೇಂದ್ರ ಸರ್ಕಾರದ ಖಾಯಂ ನೌಕರರ ಪೈಕಿ, ಅತ್ಯುನ್ನತ ಆಡಳಿತಾಧಿಕಾರಿಗಳನ್ನು ಬಿಟ್ಟು, ಸುಮಾರು 99 ಪ್ರತಿಶತ ಜನ ‘ಪೂರ್ಣ ಸಫಲ’ ಅಥವಾ ಅದಕ್ಕೂ ಮೇಲಿನ ದರ್ಜೆಯನ್ನು ಪಡೆದಿದ್ದರು. ಸುಮಾರು 61 ಪ್ರತಿಶತ ಜನ ಮೇಲಿನ ಎರಡು ದರ್ಜೆಗಳಲ್ಲಿಯೇ ಇದ್ದರು. ಇದು ಇಡೀ ಸರ್ಕಾರಕ್ಕೆ ಸಂಬಂಧಿಸಿದ ಅಂಕಿಯಾದುದರಿಂದ ತಪ್ಪನ್ನೆಲ್ಲ ಸೈನಿಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾಗರಿಕ ಮೇಲಧಿಕಾರಿಗಳೂ ಉದಾರಿಗಳೇ. ಆದರೆ ಸೈನ್ಯಾಧಿಕಾರಿಯ ಔದಾರ್ಯದ ಮೂಲ ಬೇರೆ.

ಆ ಮೂಲವು ಅವನ ಸ್ವಂತ ವೃತ್ತಿಜೀವನದಲ್ಲಿಯೇ ಇದೆ. ಅಮೆರಿಕದ ಸೈನ್ಯದಲ್ಲಿ ಬಡ್ತಿಯು ಬಹುಮಟ್ಟಿಗೆ ಕಾಗದದ ಮೇಲೆ ತೀರ್ಮಾನವಾಗುತ್ತದೆ. ಅಧಿಕಾರಿಯನ್ನು ಎಂದೂ ಕಾಣದ ಆಯ್ಕೆಮಂಡಲಿಯೊಂದು ಅವನ ವರದಿಗಳನ್ನು ಓದಿ ನಿರ್ಣಯಿಸುತ್ತದೆ. 1980ರ ಅಧಿಕಾರಿವರ್ಗ ಶಾಸನದ ಪ್ರಕಾರ ಕ್ಯಾಪ್ಟನ್, ಮೇಜರ್ ಮಟ್ಟದಲ್ಲಿ ಎರಡು ಸಲ ಬಡ್ತಿ ತಪ್ಪಿದವನು ಸಾಮಾನ್ಯವಾಗಿ ಸೇವೆಯನ್ನೇ ಬಿಡಬೇಕಾಗುತ್ತದೆ. ಇಂತಹ ಕಡೆ ‘ತನ್ನ ಕೆಲಸವನ್ನು ತೃಪ್ತಿಕರವಾಗಿ ಮಾಡಿದನು’ ಎಂದು ಬರೆದರೆ ಅದು ಹೊಗಳಿಕೆಯಲ್ಲ, ಬೀಳ್ಕೊಡುಗೆಯ ಪತ್ರ. ಆದುದರಿಂದ ತನ್ನ ಕೈಕೆಳಗಿನವನು ಉಳಿಯಲೆಂದು ಬಯಸುವ ಅಧಿಕಾರಿ ಏರುದನಿಯ ಮಾತನ್ನೇ ಬಳಸಬೇಕು.

ಇದೇ ಅಧಿಕಾರಿಯು ನಾಗರಿಕ ನೌಕರನ ವರದಿಯನ್ನು ಬರೆಯಲು ಕುಳಿತಾಗ ‘ಪೂರ್ಣ ಸಫಲ’ ಎಂಬ ದರ್ಜೆ ಅವನ ಕಣ್ಣಿಗೆ ಕಪಾಳಕ್ಕೆ ಹೊಡೆದಂತೆ ಕಾಣುತ್ತದೆ. ವಾಸ್ತವವಾಗಿ ಆ ದರ್ಜೆ ಪಡೆದ ನಾಗರಿಕ ನೌಕರನಿಗೆ ಕಾಲಾನುಕ್ರಮದ ವೇತನ ಬಡ್ತಿ ತಪ್ಪುವುದಿಲ್ಲ. ಅವನು ಸೇವೆಯನ್ನು ಬಿಡಬೇಕಾಗಿಯೂ ಇಲ್ಲ. ಆ ದರ್ಜೆ ಒಬ್ಬನಿಗೆ ಗೌರವದ ಮಾತು, ಮತ್ತೊಬ್ಬನಿಗೆ ಶಿಕ್ಷೆ. ಸೈನ್ಯಾಧಿಕಾರಿಯು ತನ್ನ ನಾಡಿನ ನಾಣ್ಯವನ್ನೇ ಪರನಾಡಿನಲ್ಲಿ ಚಲಾಯಿಸಿ ‘ಅತ್ಯುತ್ತಮ’ ಎಂದು ಬರೆದು ಮುಗಿಸುತ್ತಾನೆ. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಾದುದಿಲ್ಲ.

ಸೈನ್ಯವು ತನ್ನ ಮನೆಯ ಉಬ್ಬರವನ್ನು ತಡೆಯಲು ಯತ್ನಿಸದೆ ಇಲ್ಲ. 1974ರಲ್ಲಿ ವಾಯುಸೇನೆಯು ಮೇಲಿನ ಅಂಕಣವನ್ನು 22 ಪ್ರತಿಶತಕ್ಕೂ ಅದರ ಕೆಳಗಿನದನ್ನು 28 ಪ್ರತಿಶತಕ್ಕೂ ಮಿತಿಗೊಳಿಸಿತು. ಅಧಿಕಾರಿಗಳ ಅಸಮಾಧಾನ ತಾಳಲಾರದಷ್ಟಾಗಿ 1978ರಲ್ಲಿ ಆ ಕ್ರಮವನ್ನು ಕೈಬಿಟ್ಟಿತು. ಭೂಸೇನೆಯು 1997ರಲ್ಲಿ ಇನ್ನೊಂದು ಉಪಾಯವನ್ನು ತಂದಿತು. ಹಿರಿಯ ವರದಿಗಾರನು ಒಂದು ಪದವಿಯ ಅಧಿಕಾರಿಗಳಲ್ಲಿ ಅರ್ಧಕ್ಕಿಂತ ಕಡಮೆ ಜನಕ್ಕೆ ಮಾತ್ರ ಮೇಲಿನ ದರ್ಜೆ ಕೊಡಬಹುದು; ಅವನ ದರ್ಜೆಗಳ ಲೆಕ್ಕ ಕೇಂದ್ರ ಕಚೇರಿಯಲ್ಲಿರುತ್ತದೆ. ನಾಗರಿಕ ನೌಕರರ ವಿಷಯದಲ್ಲಿ ಇಂತಹ ಮಿತಿ ಇರಲಿಲ್ಲ. 1978ರ ನಾಗರಿಕ ಸೇವಾ ಸುಧಾರಣಾ ಶಾಸನವನ್ನು ಅನುಸರಿಸಿದ ನಿಯಮಾವಳಿಯು ದರ್ಜೆಗಳನ್ನು ಇಂತಿಷ್ಟೇ ಎಂದು ಹಂಚುವುದನ್ನು ಬಹುಕಾಲ ನಿಷೇಧಿಸಿತ್ತು. ಹೀಗೆ ಒಬ್ಬನೇ ಅಧಿಕಾರಿಯ ಒಂದು ಕೈ ಕಟ್ಟಿದೆ, ಇನ್ನೊಂದು ಬಿಚ್ಚಿದೆ; ಔದಾರ್ಯ ಯಾವ ಕಡೆಗೆ ಹರಿಯುವುದೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಅವಧಿಯ ಪ್ರಶ್ನೆಯೂ ಸೇರುತ್ತದೆ. ಅಧಿಕಾರಿಯು ಒಂದು ಠಾಣೆಯಲ್ಲಿರುವುದು ಎರಡು ಮೂರು ವರ್ಷ. ನಾಗರಿಕ ನೌಕರನು ಅದೇ ಮೇಜಿನ ಮುಂದೆ ಇಪ್ಪತ್ತು ವರ್ಷ ಕುಳಿತಿರಬಹುದು. ಕೆಲಸಕ್ಕೆ ಬಾರದವನನ್ನು ‘ಅಸ್ವೀಕಾರ್ಯ’ ಎಂದು ತೆಗೆದುಹಾಕಬೇಕಾದರೆ ಸುಧಾರಿಸಿಕೊಳ್ಳಲು ಅವಕಾಶ ಕೊಡಬೇಕು, ಮೂವತ್ತು ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡಬೇಕು, ಆಮೇಲೆ ಮೇಲ್ಮನವಿಯನ್ನು ಎದುರಿಸಬೇಕು. ಈ ತೊಂದರೆಯೆಲ್ಲ ಇಂದಿನ ಅಧಿಕಾರಿಯದು. ಅದರ ಫಲ ಉಣ್ಣುವವನು ಅವನ ಉತ್ತರಾಧಿಕಾರಿ. ಆ ಉತ್ತರಾಧಿಕಾರಿಗಾದರೂ ಹಿಂದಿನವರು ವರ್ಷವರ್ಷವೂ ಬರೆದಿಟ್ಟ ‘ಅತ್ಯುತ್ತಮ’ವನ್ನು ಒಮ್ಮೆಲೇ ಇಳಿಸುವ ಧೈರ್ಯ ಬಾರದು.

ಹೀಗಾದರೆ ನಷ್ಟ ಯಾರಿಗೆ? ನೌಕರರ ಸಂಖ್ಯೆಯನ್ನು ಕಡಮೆ ಮಾಡುವ ಕಾಲದಲ್ಲಿ ಇದರ ಉತ್ತರ ದೊರೆಯುತ್ತದೆ. ಕೇಂದ್ರ ಸರ್ಕಾರದ ಬಹುಕಾಲದ ನಿಯಮದಂತೆ ಸೇವಾವಧಿಗೆ ದರ್ಜೆಯ ಲೆಕ್ಕದಲ್ಲಿ ಹೆಚ್ಚುವರಿ ವರ್ಷಗಳು ಸೇರುತ್ತಿದ್ದವು: ‘ಅತ್ಯುತ್ತಮ’ಕ್ಕೆ 20, ಅದರ ಕೆಳಗಿನದಕ್ಕೆ 16, ‘ಪೂರ್ಣ ಸಫಲ’ಕ್ಕೆ 12, ಇತ್ತೀಚಿನ ಮೂರು ದರ್ಜೆಗಳ ಸರಾಸರಿಯನ್ನು ಹಿಡಿಯುತ್ತಿದ್ದರು. ಹುದ್ದೆಯ ಬಗೆ, ಮಾಜಿ ಸೈನಿಕರಿಗಿರುವ ಆದ್ಯತೆ ಮೊದಲಾದ ವಿಷಯಗಳಲ್ಲಿ ಸಮಾನರಾದ ಇಬ್ಬರನ್ನು ಊಹಿಸೋಣ. ಹತ್ತು ವರ್ಷ ಸೇವೆಯ ನಿಪುಣನೊಬ್ಬ, ಹದಿನೈದು ವರ್ಷ ಸೇವೆಯ ಸಾಧಾರಣನೊಬ್ಬ. ನಿಜವಾದ ದರ್ಜೆಗಳನ್ನು ಕೊಟ್ಟರೆ ಮೊದಲನೆಯವನಿಗೆ 30, ಎರಡನೆಯವನಿಗೆ 27, ನಿಪುಣನು ಉಳಿಯುತ್ತಾನೆ. ಇಬ್ಬರಿಗೂ ‘ಅತ್ಯುತ್ತಮ’ ಎಂದು ಬರೆದರೆ 30 ಮತ್ತು 35. ನಿಪುಣನು ಮನೆಗೆ ಹೋಗುತ್ತಾನೆ. ಇಬ್ಬರನ್ನೂ ಮೆಚ್ಚಿಸಿದೆನೆಂದುಕೊಂಡ ಅಧಿಕಾರಿಯು ಅಷ್ಟರಲ್ಲಿ ಬೇರೆ ಠಾಣೆಯಲ್ಲಿರುತ್ತಾನೆ. ರಕ್ಷಣಾ ಇಲಾಖೆಯು 2017ರಲ್ಲಿ ಸೇವಾವಧಿಗಿಂತ ಕಾರ್ಯದಕ್ಷತೆಗೆ ಪ್ರಾಧಾನ್ಯ ಕೊಡುವ ಕ್ರಮವನ್ನು ಜಾರಿಗೆ ತಂದಿತು. ಇದರಿಂದ ದರ್ಜೆಯ ತೂಕ ಇನ್ನೂ ಹೆಚ್ಚಿತೇ ಹೊರತು ಅದನ್ನು ಬರೆಯುವ ಕೈ ಬದಲಾಗಲಿಲ್ಲ.

ದರ್ಜೆಗಳ ಸಂಖ್ಯೆಯನ್ನು ಹೆಚ್ಚುಕಡಮೆ ಮಾಡಿ ನೋಡಿದ್ದೂ ಆಗಿದೆ. 1950ರ ಶಾಸನವು ಮೂರು ದರ್ಜೆಗಳನ್ನು ವಿಧಿಸಿತ್ತು. ಕಾಲಾಂತರದಲ್ಲಿ ಐದು ದರ್ಜೆಗಳು ರೂಢಿಗೆ ಬಂದವು. 2016ರಲ್ಲಿ ರಕ್ಷಣಾ ಇಲಾಖೆಯ ಹೊಸ ಪದ್ಧತಿಯು ಮತ್ತೆ ಮೂರಕ್ಕೇ ಇಳಿಯಿತು. ನಡುವೆ 2006ರಲ್ಲಿ ಆರಂಭವಾದ ಒಂದು ವ್ಯವಸ್ಥೆಯಲ್ಲಿ ವೇತನದ ಹೆಚ್ಚಳವನ್ನು ಒಂದು ಸಾಮೂಹಿಕ ನಿಧಿಯಿಂದ ದರ್ಜೆಗನುಗುಣವಾದ ಪಾಲುಗಳಾಗಿ ಹಂಚುತ್ತಿದ್ದರು. ಎಲ್ಲರಿಗೂ ಮೇಲಿನ ದರ್ಜೆ ಕೊಟ್ಟರೆ ಪಾಲಿನ ಬೆಲೆ ಇಳಿಯುವುದರಿಂದ ಕೈ ಬಿಗಿಹಿಡಿಯಲು ಕಾರಣವಿತ್ತು. ನಮ್ಮ ಅಭಿಪ್ರಾಯದಲ್ಲಿ ಉಬ್ಬರದ ಬೇರನ್ನು ಮುಟ್ಟಿದ ಯತ್ನ ಇದೊಂದೇ. ಆದರೆ ನೌಕರರ ಸಂಘಗಳು ಅದನ್ನು ಬಲವಾಗಿ ವಿರೋಧಿಸಿದವು. 2009ರಲ್ಲಿ ಕಾಂಗ್ರೆಸ್ಸು ಅದನ್ನು ರದ್ದುಗೊಳಿಸಿತು.

ನಮ್ಮ ದೇಶದಲ್ಲಿಯೂ ಸೈನ್ಯದ ಆಡಳಿತದಡಿಯಲ್ಲಿ ನಾಗರಿಕರು ದುಡಿಯುವ ಸಂಸ್ಥೆಗಳಿವೆ. ಕಾರವಾರದ ನೌಕಾನೆಲೆ ನಮಗೆ ಹತ್ತಿರದ ಉದಾಹರಣೆ. ಸೈನ್ಯದ ಎಂಜಿನಿಯರುಗಳೂ ಇಲಾಖೆಯ ಎಂಜಿನಿಯರುಗಳೂ ಬೆರೆತು ಕೆಲಸ ಮಾಡುವ ಗಡಿ ರಸ್ತೆ ಸಂಸ್ಥೆಯ ಒಂದು ಮೊಕದ್ದಮೆ ಇಲ್ಲಿ ಗಮನಾರ್ಹವಾಗಿದೆ. ಒಬ್ಬ ಕಾರ್ಯನಿರ್ವಾಹಕ ಎಂಜಿನಿಯರರಿಗೆ ಬಡ್ತಿ ದೊರೆಯಬೇಕಾದರೆ ಐದು ವರ್ಷವೂ ‘ಬಲು ಉತ್ತಮ’ ದರ್ಜೆ ಇರಬೇಕಾಗಿತ್ತು. 1993–94ರ ಒಂದೇ ವರದಿಯಲ್ಲಿ ‘ಉತ್ತಮ’ ಎಂದಿತ್ತು. ಅದನ್ನು ಅವರಿಗೆ ತಿಳಿಸಿರಲೂ ಇಲ್ಲ. ಬಡ್ತಿ ತಪ್ಪಿತು. ಬಡ್ತಿಯನ್ನು ತಪ್ಪಿಸುವ ‘ಉತ್ತಮ’ವು ಆ ಸಂದರ್ಭದಲ್ಲಿ ಪ್ರತಿಕೂಲವಾದ ದರ್ಜೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 2008ರ ಮೇ ತಿಂಗಳಲ್ಲಿ ಹೇಳಿ, ಯಾವ ದರ್ಜೆಯನ್ನೇ ಆಗಲಿ ನೌಕರನಿಗೆ ತಿಳಿಸತಕ್ಕದ್ದೆಂದು ವಿಧಿಸಿತು. ಆ ವೇಳೆಗೆ ಎಂಜಿನಿಯರರು ನಿವೃತ್ತರಾಗಿದ್ದರು.

2009ರಲ್ಲಿ ಕೇಂದ್ರ ಸರ್ಕಾರವು ಗೌಪ್ಯ ವರದಿಯ ಗೌಪ್ಯವನ್ನು ತೆಗೆದು, ವರದಿಯನ್ನು ಪೂರ್ತಿಯಾಗಿ ನೌಕರನಿಗೆ ತೋರಿಸುವಂತೆ ಮಾಡಿತು. 2016ರಲ್ಲಿ, ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಸೇವೆಗೆ ದೊರೆಯುವ ಆರ್ಥಿಕ ಬಡ್ತಿಗೂ ‘ಉತ್ತಮ’ ಸಾಲದು, ‘ಬಲು ಉತ್ತಮ’ವೇ ಬೇಕೆಂದು ಎಲ್ಲ ಮಟ್ಟದ ನೌಕರರಿಗೂ ಗೊತ್ತುಮಾಡಿತು. ಅದರ ಅಂಕದ ಪಟ್ಟಿಯಲ್ಲಿ ‘ಉತ್ತಮ’ವೆಂದರೆ ಹತ್ತಕ್ಕೆ ನಾಲ್ಕರಿಂದ ಆರರೊಳಗೆ.